ಚಳಿಜ್ವರದ ಮೂಲವನ್ನು ಕಂಡುಹಿಡಿದ ಸರ್ ರೊನಾಲ್ಡ್ ರಾಸ್

ಮಳೆಗಾಲವು ಹಿಡಿದು ತಿಂಗಳು ಕಳೆಯುವಷ್ಟರಲ್ಲಿ ಮಕ್ಕಳ ರಜೆಯ ಚೀಟಿಗಳು ನಮ್ಮ ಮೇಜಿನ ಮೇಲೆ ಬೀಳತೊಡಗುವುದು ಪ್ರತಿವರ್ಷದ ವಾಡಿಕೆ. ಅವುಗಳಲ್ಲಿ ಬಹುಮಟ್ಟಿಗೆ ಇರುವುದು ಜ್ವರವೆಂಬ ಒಂದೇ ಮಾತು. ಅದು ಯಾವ ಜ್ವರ, ರಕ್ತವನ್ನು ಪರೀಕ್ಷೆ ಮಾಡಿಸಿದ್ದುಂಟೇ ಎಂದು ವಿಚಾರಿಸಿದರೆ, ಅಂಗಡಿಯಿಂದ ಗುಳಿಗೆ ತಂದು ಕೊಟ್ಟೆವು, ಜ್ವರ ಬಿಟ್ಟಿತು ಎಂಬ ಉತ್ತರವೇ ಅನೇಕರಿಂದ ದೊರೆಯುತ್ತದೆ. ಈ ಸ್ಮರಣ ಸಂಚಿಕೆಯಲ್ಲಿ ಮಹನೀಯರೊಬ್ಬರ ಚರಿತ್ರೆಯನ್ನು ಬರೆಯುವ ಭಾರವು ನಮ್ಮ ಪಾಲಿಗೆ ಬಂದಾಗ, ಚಳಿಜ್ವರದ ಗುಟ್ಟನ್ನು ನಮ್ಮ ದೇಶದ ನೆಲದಲ್ಲಿಯೇ ಬಿಡಿಸಿದ ಸರ್ ರೊನಾಲ್ಡ್ ರಾಸ್‌ರವರನ್ನು ನಾವು ಆರಿಸಿಕೊಂಡದ್ದು ಈ ಕಾರಣದಿಂದಲೇ. ಅವರ ಹೆಸರನ್ನು ಪಾಠಪುಸ್ತಕದಲ್ಲಿ ಓದದ ಹುಡುಗಿಯು ನಮ್ಮ ಶಾಲೆಯಲ್ಲಿಲ್ಲ. ಆದರೆ ಅವರು ಕಂಡುಹಿಡಿದುದನ್ನು ಮನೆಯಲ್ಲಿ ಆಚರಣೆಗೆ ತಂದವರು ಎಷ್ಟು ಮಂದಿ ಎಂಬುದು ವಿಚಾರಾರ್ಹವಾದ ಸಂಗತಿ.

ರಾಸ್‌ರವರು 1857ನೆಯ ಇಸವಿ ಮೇ ತಿಂಗಳು 13ನೆಯ ತಾರೀಖಿನಂದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ ಜನಿಸಿದರು. ಆಗ ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಮೂರೇ ದಿನಗಳಾಗಿದ್ದವು. ತಂದೆಯು ಇಂಡಿಯಾ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ತಾಯಿತಂದೆಗಳನ್ನು ಅಗಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿನ ಬಂಧುಗಳ ಮನೆಗೆ ಹೋಗಬೇಕಾಯಿತು. ಬಾಲಕನ ಮನಸ್ಸು ಕವಿತೆ, ಸಂಗೀತ, ಚಿತ್ರಲೇಖನ, ಗಣಿತ ಇವುಗಳ ಕಡೆಗೆ ಎಳೆಯುತ್ತಿತ್ತು. ವೈದ್ಯವಿದ್ಯೆಯನ್ನು ಕಲಿತು ಇಂಡಿಯಾ ದೇಶದ ವೈದ್ಯಶಾಖೆಯನ್ನು ಸೇರಬೇಕೆಂಬುದು ತಂದೆಯ ಅಪೇಕ್ಷೆ. ಅದನ್ನು ಮೀರಲಾರದೆ ಅವರು 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಾದರು. ಓದಿನಲ್ಲಿ ಮನಸ್ಸಿಲ್ಲದೆ ಒಂದು ಪರೀಕ್ಷೆಯಲ್ಲಿ ಸೋತು ಎರಡನೆಯ ಸಲ ಕುಳಿತು ತೇರ್ಗಡೆಯಾದರೆಂಬುದನ್ನು ಇಲ್ಲಿ ಮರೆಮಾಚಬೇಕಾದ ಅಗತ್ಯವಿಲ್ಲ. ಪರೀಕ್ಷೆಯಲ್ಲಿ ಒಮ್ಮೆ ಸೋತ ಮಕ್ಕಳು ಎದೆಗುಂದುವುದನ್ನು ಕಾಣುತ್ತಿರುವ ನಮಗೆ ಈ ಸಂಗತಿಯು ಉಪಯುಕ್ತವಾಗಿಯೇ ತೋರುತ್ತದೆ. 1881ರಲ್ಲಿ ಅವರು ವೈದ್ಯಾಧಿಕಾರಿಯಾಗಿ ತಾವು ಹುಟ್ಟಿದ ದೇಶಕ್ಕೆ ಮರಳಿದರು.

ಮದರಾಸು ಆಧಿಪತ್ಯದಲ್ಲಿ ಕೆಲಸ ಮಾಡುತ್ತಿದ್ದಾಗ 1883ರಲ್ಲಿ ಅವರನ್ನು ಬೆಂಗಳೂರಿನ ದಂಡಿಗೆ ಕಳುಹಿಸಲಾಯಿತು. ಅಲ್ಲಿ ಅವರಿಗೆ ವಾಸಕ್ಕೆ ದೊರೆತ ಬಂಗಲೆಯಲ್ಲಿ ಸೊಳ್ಳೆಗಳ ಕಾಟವು ಬಹಳವಾಗಿತ್ತು. ಸುತ್ತಲೂ ಹುಡುಕಿ ನೋಡಲು, ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ತುಂಬಿ ತುಳುಕುತ್ತಿದ್ದವು. ಪೀಪಾಯಿಯನ್ನು ಮಗುಚಿ ನೀರನ್ನು ಚೆಲ್ಲಿಸಲಾಗಿ ಸೊಳ್ಳೆಗಳು ಬಹುಮಟ್ಟಿಗೆ ಇಳಿದುವು. ಇತರ ಕಡೆಗಳಲ್ಲಿದ್ದ ನೀರನ್ನೂ ಹೀಗೆಯೇ ಚೆಲ್ಲಿಸಿರೆಂದು ಅವರು ಅಲ್ಲಿನ ಅಧಿಕಾರಿಯೊಬ್ಬರಿಗೆ ತಿಳಿಸಿದಾಗ ಆತನು ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಒಂದು ಪ್ರಯೋಜನವಿರಬೇಕು, ಸಹಿಸಿಕೊಂಡಿರುವುದೇ ಸರಿ ಎಂಬುದು ಆತನ ಭಾವನೆಯಾಗಿತ್ತು. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿದೆಯೆಂಬುದು ರಾಸ್‌ರವರಿಗೂ ಆಗ ಗೊತ್ತಿರಲಿಲ್ಲ. ಆದರೂ ಮುಂದೆ ಲೋಕವೆಲ್ಲ ಅನುಸರಿಸಬೇಕಾದ ಉಪಾಯವೂ, ಆ ಉಪಾಯಕ್ಕೆ ಅಡ್ಡಬರಲಿದ್ದ ಔದಾಸೀನ್ಯವೂ ನಮ್ಮ ಬೆಂಗಳೂರಿನಲ್ಲಿಯೇ ಅವರಿಗೆ ಎದುರಾದುವು.

ಆ ಕಾಲದಲ್ಲಿ ಚಳಿಜ್ವರದ ವಿಷಯವಾಗಿ ಜನರಲ್ಲಿದ್ದ ತಿಳಿವಳಿಕೆಯನ್ನು ಸ್ವಲ್ಪ ಹೇಳಬೇಕು. ಮಲೇರಿಯ ಎಂಬ ಇಟಲಿ ದೇಶದ ಮಾತಿಗೆ ಕೆಟ್ಟ ಗಾಳಿ ಎಂದೇ ಅರ್ಥ. ಕೆಸರುನೆಲದಿಂದಲೂ ಕೊಳೆತ ಎಲೆಗಳಿಂದಲೂ ವಿಷವಾಯುವು ಎದ್ದು ಜ್ವರವನ್ನು ತರುವುದೆಂದು ಪಂಡಿತ ಪಾಮರರೆಲ್ಲರೂ ನಂಬಿದ್ದರು. ನಮ್ಮ ಮಲೆನಾಡಿನವರು ಮಲೆಯ ನೀರು ಹಿಡಿಯಿತೆಂದು ಹೇಳಿ ಸುಮ್ಮನಾಗುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದ ಮಕ್ಕಳಿಗೆ ಬರೆಹಾಕುವುದು, ತಾಯಿತ ಕಟ್ಟುವುದು, ಹರಕೆ ಹೊರುವುದು, ಇವೇ ಚಿಕಿತ್ಸೆಗಳು. ನಿಜವಾದ ಔಷಧವೊಂದು ಇಲ್ಲದಿರಲಿಲ್ಲ. ಸಿಂಕೋನ ಮರದ ತೊಗಟೆಯಿಂದ ಕ್ವಿನೈನನ್ನು 1820ರಲ್ಲಿಯೇ ಬೇರ್ಪಡಿಸಿದ್ದರು. ನೀಲಗಿರಿಯಲ್ಲಿ ಆ ಮರದ ತೋಟಗಳಿದ್ದುವು. ಬಂಗಾಳದಲ್ಲಿ 1892ರಿಂದ ಅಂಚೆಯ ಮನೆಗಳಲ್ಲಿಯೇ ಕ್ವಿನೈನಿನ ಪೊಟ್ಟಣವನ್ನು ಒಂದೊಂದು ಪೈಸೆಗೆ ಮಾರುತ್ತಿದ್ದರು. ಆದರೆ ಕಹಿಗೆ ಹೆದರಿ ಬಿಟ್ಟವರು, ಮೈ ಬೆವರಿ ಜ್ವರ ಇಳಿದೊಡನೆ ನಿಲ್ಲಿಸಿದವರು, ಇನ್ನೊಬ್ಬರಿಗೆ ಇರಲೆಂದು ಅರ್ಧವನ್ನು ತೆಗೆದಿಟ್ಟವರು ಎಲ್ಲ ಕಡೆಗಳಲ್ಲಿಯೂ ಇದ್ದರು. ರೋಗದ ಮೂಲವು ತಿಳಿಯದಿದ್ದಾಗ ಮದ್ದಿನಲ್ಲಿ ನಂಬಿಕೆಯು ಹುಟ್ಟುವುದಾದರೂ ಹೇಗೆ?

ಮೊದಲನೆಯ ಬೆಳಕು ಆಲ್ಜೀರಿಯದಲ್ಲಿ ಕಂಡಿತು. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೈನ್ಯದ ವೈದ್ಯರು ಚಳಿಜ್ವರದ ರೋಗಿಯ ರಕ್ತದಲ್ಲಿ ಜೀವವಿರುವ ರೋಗಾಣುವನ್ನು ಕಂಡರು. ರಾಸ್‌ರವರು ಬಹುಕಾಲ ಇದನ್ನು ನಂಬಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಆ ರೋಗಾಣುವನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿ ಅವರಿಗೆ ತೋರಿಸಿ, ಇದನ್ನು ಒಬ್ಬನಿಂದ ಒಬ್ಬನಿಗೆ ದಾಟಿಸುವುದರಲ್ಲಿ ಸೊಳ್ಳೆಯ ಕೈವಾಡವಿರಬಹುದೆಂಬ ತಮ್ಮ ಊಹೆಯನ್ನು ತಿಳಿಸಿದರು. ಆ ಊಹೆಯು ಪೂರ್ಣವಾಗಿ ಸರಿಯಾಗಿರಲಿಲ್ಲ. ಸತ್ತ ಸೊಳ್ಳೆಯು ಬಿದ್ದ ನೀರನ್ನು ಕುಡಿಯುವುದರಿಂದ ಜ್ವರ ಬರುವುದೆಂದು ಮ್ಯಾನ್ಸನ್‌ರವರು ಭಾವಿಸಿದ್ದರು. ಆದರೆ ಹುಡುಕಬೇಕಾದ ದಿಕ್ಕು ಶಿಷ್ಯರಿಗೆ ದೊರೆಯಿತು.

1895ರಲ್ಲಿ ರಾಸ್‌ರವರು ಸಿಕಂದರಾಬಾದಿನ ಪಟಾಲಮಿನ ಆಸ್ಪತ್ರೆಗೆ ಬಂದರು. ಎರಡು ವರ್ಷಗಳಿಗೂ ಮಿಕ್ಕಿ ಅವರು ಪಟ್ಟ ಶ್ರಮವು ಸಾಮಾನ್ಯವಾದುದಲ್ಲ. ನಡುವೆ ಕಾಲರಾ ಪಿಡುಗನ್ನು ತಡೆಯುವುದಕ್ಕೆಂದು ಬೆಂಗಳೂರಿಗೆ ಮತ್ತೆ ಬರಬೇಕಾಯಿತು. ಜ್ವರದ ರೋಗಿಗಳು ಬೆರಳನ್ನು ಚುಚ್ಚಿ ರಕ್ತ ತೆಗೆಯುವುದಕ್ಕೆ ಹೆದರುತ್ತಿದ್ದರು. ಒಂದು ಹನಿ ರಕ್ತಕ್ಕೆ ಹಣಕೊಟ್ಟು ಒಪ್ಪಿಸಬೇಕಾಗಿತ್ತು. ಅದಕ್ಕಿಂತಲೂ ದೊಡ್ಡ ತೊಡಕು ಬೇರೊಂದಿತ್ತು. ಅವರು ಸಾವಿರಗಟ್ಟಲೆ ಸೊಳ್ಳೆಗಳನ್ನು ಸೀಳಿ ನೋಡುತ್ತಿದ್ದರೂ ಅವೆಲ್ಲವೂ ಚಳಿಜ್ವರವನ್ನು ಹರಡದ ಬೇರೆ ಜಾತಿಯವಾಗಿದ್ದುವು. 1897ರ ಬೇಸಗೆಯಲ್ಲಿ ನೀಲಗಿರಿಯ ಸೀಗೂರು ಘಟ್ಟದ ಜ್ವರವನ್ನು ಪರಿಶೀಲಿಸಲು ಹೋದವರು ತಾವೇ ಆ ಜ್ವರಕ್ಕೆ ತುತ್ತಾದರು. ಅಲ್ಲಿ ಗೋಡೆಯ ಮೇಲೆ ಬಾಲವನ್ನು ಮೇಲಕ್ಕೆತ್ತಿ ಕುಳಿತ, ರೆಕ್ಕೆಗಳಲ್ಲಿ ಚುಕ್ಕೆಗಳುಳ್ಳ ಒಂದು ಬಗೆಯ ಸೊಳ್ಳೆಯನ್ನು ಕಂಡರು. ಅನಾಫಿಲಿಸ್ ಎಂದು ಈಗ ನಾವು ಕರೆಯುವ ಜಾತಿಯು ಇದೇ.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ ಅಂತಹ ಚುಕ್ಕೆರೆಕ್ಕೆಯ ಸೊಳ್ಳೆಗಳ ಮರಿಗಳು ದೊರೆತುವು. ಅವುಗಳನ್ನು ಸಾಕಿ ಬೆಳೆಯಿಸಿ, ಹುಸೇನ್ ಖಾನ್ ಎಂಬ ಚಳಿಜ್ವರದ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಕಚ್ಚಿಸಿದರು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದಾಣೆಯಂತೆ ಆತನಿಗೆ ಕೂಲಿ. ಆ ಬೇಗೆಯ ದಿನಗಳಲ್ಲಿ ಪಂಖದ ಗಾಳಿಗೆ ಸೊಳ್ಳೆಗಳು ಹಾರಿಹೋದಾವೆಂದು ಪಂಖವನ್ನು ನಿಲ್ಲಿಸಿದ್ದರು. ಹಣೆಯ ಬೆವರಿನಿಂದ ಯಂತ್ರದ ತಿರುಪುಗಳು ತುಕ್ಕು ಹಿಡಿದಿದ್ದುವು. ಅದರ ಗಾಜು ಬಿರುಕುಬಿಟ್ಟಿತ್ತು. ಆಗಸ್ಟ್ 20ನೆಯ ತಾರೀಖಿನಂದು, ಉಳಿದಿದ್ದ ಎರಡು ಸೊಳ್ಳೆಗಳಲ್ಲಿ ಒಂದನ್ನು ಸೀಳಿದಾಗ ಅದರ ಹೊಟ್ಟೆಯ ಗೋಡೆಯಲ್ಲಿ ಕರಿಯ ಕಣಗಳುಳ್ಳ ದುಂಡನೆಯ ಕೋಶಗಳು ಕಂಡುವು. ಮರುದಿನ ಸೀಳಿದ ಕೊನೆಯ ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡವಾಗಿ ಬೆಳೆದಿದ್ದುವು. ಮನುಷ್ಯನ ರಕ್ತದ ರೋಗಾಣುವು ಸೊಳ್ಳೆಯ ಒಡಲಲ್ಲಿ ಬೆಳೆಯುವುದೆಂಬುದು ಅಂದು ಕಣ್ಣಿಗೆ ಕಂಡ ಸತ್ಯವಾಯಿತು. ಅವರು ಮೊಣಕಾಲೂರಿದ ಮನಸ್ಸಿನಿಂದ ದೇವರನ್ನು ಸ್ತುತಿಸಿ ಆ ಸಂದರ್ಭದಲ್ಲಿ ಒಂದು ಕವಿತೆಯನ್ನು ಬರೆದರು. ಇಂದಿಗೂ ಆಗಸ್ಟ್ 20ನೆಯ ದಿನವನ್ನು ಲೋಕದಲ್ಲಿ ಸೊಳ್ಳೆಯ ದಿನವೆಂದು ಆಚರಿಸುತ್ತಾರೆ.

ಇಲ್ಲಿ ನಾವು ಹುಸೇನ್ ಖಾನನನ್ನು ಮರೆಯಬಾರದು. ಲೋಕದ ವಿದ್ವಾಂಸರೆಲ್ಲರೂ ಬಿಡಿಸಲಾರದ ಒಗಟು ಈ ಬಡರೋಗಿಯ ರಕ್ತದಿಂದ ಬಿಡಿಸಲ್ಪಟ್ಟಿತು. ಬೆರಳು ಚುಚ್ಚಿಸಿಕೊಳ್ಳುವುದಕ್ಕೆ ಊರೆಲ್ಲ ಹೆದರುತ್ತಿದ್ದಾಗ ಆತನು ಮೈಯನ್ನೇ ಒಡ್ಡಿದನು. ಕೂಲಿಗಾಗಿಯೇ ಒಡ್ಡಿದನೆಂದು ಹೇಳಿದರೂ ಆ ಉಪಕಾರದ ಬೆಲೆಯು ಕಡಿಮೆಯಾಗದು.

ಕೆಲಸವು ಇನ್ನೂ ಅರ್ಧವಾಗಿಯೇ ಉಳಿದಿತ್ತು. ಇಂತಹ ಸಮಯದಲ್ಲಿ ಸರಕಾರವು ಅವರನ್ನು ರಾಜಪುತಾನದ ಖೇರ್ವಾಡಕ್ಕೆ ವರ್ಗಮಾಡಿತು. ಅಲ್ಲಿ ಚಳಿಜ್ವರದ ರೋಗಿಗಳೇ ವಿರಳ. ಮ್ಯಾನ್ಸನ್‌ರವರ ಪ್ರಯತ್ನದಿಂದ 1898ರ ಆದಿಭಾಗದಲ್ಲಿ ಅವರಿಗೆ ಕಲ್ಕತ್ತೆಯಲ್ಲಿ ಸಂಶೋಧನೆಯ ಕೆಲಸವು ದೊರೆಯಿತು. ಆದರೆ ಪ್ಲೇಗಿನ ಚುಚ್ಚುಮದ್ದಿನ ಸುದ್ದಿಯಿಂದ ನಗರವೆಲ್ಲ ಆಗ ಭಯಗೊಂಡಿತ್ತು. ಸೂಜಿ ಹಿಡಿದ ವೈದ್ಯರನ್ನು ಕಂಡರೆ ಜನರು ಓಡುತ್ತಿದ್ದರು. ರಕ್ತ ಕೊಡಲು ಯಾರೂ ಮುಂದೆ ಬರಲಿಲ್ಲ. ರಾಸ್‌ರವರು ಜನರನ್ನು ಬಲಾತ್ಕರಿಸದೆ, ಪಕ್ಷಿಗಳಿಗೆ ಬರುವ ಇದೇ ಜಾತಿಯ ರೋಗವನ್ನು ಹಿಡಿದು ಅಭ್ಯಾಸಮಾಡಿದರು. ಜುಲೈ ತಿಂಗಳಲ್ಲಿ ರೋಗಾಣುಗಳು ಸೊಳ್ಳೆಯ ಹೊಟ್ಟೆಯಿಂದ ಹೊರಟು ಅದರ ಜೊಲ್ಲಿನ ಗ್ರಂಥಿಗಳಲ್ಲಿ ಸೇರುವುದನ್ನು ಕಂಡು, ಅಂತಹ ಸೊಳ್ಳೆಗಳಿಂದ ಕಚ್ಚಿಸಿ ಆರೋಗ್ಯವಾಗಿದ್ದ ಗುಬ್ಬಚ್ಚಿಗಳಿಗೆ ರೋಗವು ತಗಲುವುದನ್ನು ತೋರಿಸಿದರು. ಹೀಗೆ ರೋಗವು ಸೊಳ್ಳೆಯ ಕಚ್ಚುವಿಕೆಯಿಂದಲೇ ಬರುವುದೆಂಬುದು ಸ್ಥಿರಪಟ್ಟಿತು. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸಿ ಮೊದಲಾದವರು ಮನುಷ್ಯರ ಚಳಿಜ್ವರದ ವಿಷಯದಲ್ಲಿಯೂ ಇದನ್ನು ಸಾಧಿಸಿದರು.

ಆದರೂ ಜನರು ಕೂಡಲೇ ನಂಬಿದರೇ? ಇಲ್ಲ. ಅದಕ್ಕಾಗಿ 1900ರಲ್ಲಿ ಮ್ಯಾನ್ಸನ್‌ರವರು ಎರಡು ಪ್ರತ್ಯಕ್ಷ ಪ್ರಮಾಣಗಳನ್ನು ಲೋಕದ ಮುಂದಿಟ್ಟರು. ರೋಮಾಪುರಿಯ ಹತ್ತಿರ ಜ್ವರಕ್ಕೆ ಹೆಸರಾದ ಜೌಗುನೆಲದಲ್ಲಿ ಇಬ್ಬರು ವೈದ್ಯರು ಜಾಲರಿಯ ಕಿಟಕಿಗಳುಳ್ಳ ಗುಡಿಸಲನ್ನು ಕಟ್ಟಿಸಿಕೊಂಡು, ಸಾಯಂಕಾಲದಿಂದ ಬೆಳಗಿನವರೆಗೆ ಅದರೊಳಗೇ ಇದ್ದು ಜ್ವರದ ಕಾಲವನ್ನೆಲ್ಲ ಕಳೆದರು. ಆ ಗಾಳಿಯನ್ನೇ ಉಸಿರಾಡಿದರೂ ಅವರಿಗೆ ಜ್ವರ ಬರಲಿಲ್ಲ. ಇತ್ತ ರೋಮಿನಿಂದ ತರಿಸಿದ ರೋಗದ ಸೊಳ್ಳೆಗಳು ಕಚ್ಚಿದ ಮ್ಯಾನ್ಸನ್‌ರವರ ಸ್ವಂತ ಮಗನಿಗೆ ಲಂಡನ್ನಿನಲ್ಲಿಯೇ ಚಳಿಜ್ವರವು ಬಂದಿತು. ಔಷಧದಿಂದ ಆತನು ಗುಣಹೊಂದಿದನು. ಕೆಟ್ಟ ಗಾಳಿಯ ಕಥೆಯು ಇಲ್ಲಿಗೆ ಮುಗಿಯಬೇಕಾಗಿತ್ತು.

1899ರಲ್ಲಿ ಕೆಲಸದಿಂದ ನಿವೃತ್ತರಾದ ರಾಸ್‌ರವರು ಲಿವರ್‌ಪೂಲಿನಲ್ಲಿ ಉಷ್ಣವಲಯದ ವೈದ್ಯಶಾಸ್ತ್ರದ ಅಧ್ಯಾಪಕರಾದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ 1911ರಲ್ಲಿ ಸರ್ ಎಂಬ ಪದವಿಯೂ ದೊರೆತುವು. ಆದರೆ ಸನ್ಮಾನಗಳಿಗಿಂತ ಅವರ ಮನಸ್ಸು ಒಂದೇ ಚಿಂತೆಯಲ್ಲಿ ನಿಂತಿತ್ತು. ರೋಗದ ಮೂಲವು ತಿಳಿದ ಮೇಲೆಯೂ ಜನರು ಸಾಯುತ್ತಿರುವುದು ಅವರಿಗೆ ಸಹಿಸಲಾಗಲಿಲ್ಲ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯ, ಮಾರಿಷಸ್ ದ್ವೀಪ, ಹೀಗೆ ಕರೆದ ಕಡೆಗೆಲ್ಲ ಹೋಗಿ ನಿಂತ ನೀರನ್ನು ತೆಗೆಯಿಸುವ, ಹಳ್ಳಗಳನ್ನು ಮುಚ್ಚಿಸುವ, ಮನೆಮನೆಯನ್ನೂ ನೋಡಿಬರುವ ಆಳುಗಳ ತಂಡಗಳನ್ನು ಏರ್ಪಡಿಸುವ ಕ್ರಮವನ್ನು ಬೋಧಿಸಿದರು. ಇದನ್ನು ಕುರಿತು 1902ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಇಸ್ಮಾಯಿಲಿಯದಲ್ಲಿ ಕೆಲವೇ ವರ್ಷಗಳಲ್ಲಿ ಜ್ವರವು ಅಡಗಿತು. ಅಮೆರಿಕದವರು ಪನಾಮ ಕಾಲುವೆಯನ್ನು 1914ರಲ್ಲಿ ಮುಗಿಸಲು ಸಾಧ್ಯವಾದುದಕ್ಕೂ ಸೊಳ್ಳೆಗಳ ನಿಗ್ರಹವೇ ಒಂದು ಮುಖ್ಯ ಕಾರಣ.

ಮಹಾಪುರುಷರಲ್ಲಿಯೂ ಕೊರತೆಗಳುಂಟು. ಕೀರ್ತಿಯ ವಿಷಯದಲ್ಲಿ ರಾಸ್‌ರವರು ಇಟಲಿಯ ಪಂಡಿತರೊಡನೆ ಬಹುಕಾಲ ಕಲಹವಾಡಿದರು; ಗುರುಗಳಾದ ಮ್ಯಾನ್ಸನ್‌ರವರೊಡನೆಯೂ ಕೊನೆಗೆ ಮನಸ್ತಾಪವಾಯಿತು. ಸರಕಾರವು ತಮ್ಮ ಸೇವೆಗೆ ತಕ್ಕ ಪ್ರತಿಫಲವನ್ನು ಕೊಡಲಿಲ್ಲವೆಂಬ ಕೊರಗು ಅವರಿಗೆ ಎಂದೂ ಬಿಡಲಿಲ್ಲ. ದುಃಖವೂ ಅವರನ್ನು ಬಿಡಲಿಲ್ಲ. ಹಿರಿಯ ಮಗನು 1914ರ ಮಹಾಯುದ್ಧದ ಆರಂಭದಲ್ಲಿಯೇ ಮಡಿದನು. 1926ರಲ್ಲಿ ಅವರ ಹೆಸರಿನಲ್ಲಿ ಲಂಡನ್ನಿನಲ್ಲಿ ಒಂದು ಸಂಸ್ಥೆಯು ಸ್ಥಾಪಿತವಾಯಿತು. 1927ರಲ್ಲಿ ಕಲ್ಕತ್ತೆಯ ಆಸ್ಪತ್ರೆಯ ಬಳಿ ಅವರ ಸ್ಮಾರಕದ ದ್ವಾರವನ್ನು ತೆರೆದಾಗ ಅವರೇ ಬಂದಿದ್ದರು. 1932ನೆಯ ಇಸವಿ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ದೈವಾಧೀನರಾದರು.

ಅವರ ತರುವಾಯ ನಮ್ಮ ದೇಶದಲ್ಲಿ ನಡೆದುದನ್ನು ಸಂಕ್ಷೇಪವಾಗಿ ಹೇಳುವೆವು. 1946ರಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾಕ್ಟರ್ ವಿಶ್ವನಾಥನ್‌ರವರು ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಜ್ವರವನ್ನು ಇಳಿಸಿ ತೋರಿಸಿದರು. 1947ರ ಸುಮಾರಿನಲ್ಲಿ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರು ಈ ಜ್ವರದಿಂದ ಬಳಲುತ್ತಿದ್ದರೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ದೇಶವ್ಯಾಪಿಯಾಗಿ ಕಾರ್ಯವು ಮೊದಲಾಗಿ ರೋಗವು ಬಹಳವಾಗಿ ಅಡಗಿತು. ಗೆದ್ದೆವೆಂದು ಎಚ್ಚರ ತಪ್ಪಿದುದರಿಂದ 1976ರಲ್ಲಿ ಅದು ಮತ್ತೆ ಅರುವತ್ತು ಲಕ್ಷಕ್ಕೂ ಮಿಕ್ಕಿ ಜನರನ್ನು ಹಿಡಿಯಿತು. ನಮ್ಮ ಕರಾವಳಿಯ ಮಂಗಳೂರಿನಲ್ಲಿ 1990ರ ಈಚೆಗೆ ಎತ್ತರವಾದ ಕಟ್ಟಡಗಳು ಎದ್ದಂತೆಲ್ಲ ಅವುಗಳ ತೊಟ್ಟಿಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆಯು ಬೆಳೆದು, ದುಡಿಯಲು ಬಂದ ಬಡವರನ್ನೂ ಮನೆಯಲ್ಲಿದ್ದ ಸಿರಿವಂತರನ್ನೂ ಒಂದೇ ಸಮನೆ ಪೀಡಿಸಿತು. ಈಚಿನ ವರ್ಷಗಳಲ್ಲಿ ಅದು ಬಹಳ ಇಳಿದಿರುವುದು ಸಂತೋಷದ ವಿಷಯ; ಎಚ್ಚರಿಕೆಯಿಂದ ಇಳಿದುದು ಎಚ್ಚರ ತಪ್ಪಿದರೆ ಏರಬಲ್ಲದು.

ಈಗ ಮನೆಯೊಡತಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಕ್ಕಳ ತಾಯಿತಂದೆಗಳಲ್ಲಿಯೂ ನಾವು ಮೂರು ವಿಷಯಗಳನ್ನು ಅರಿಕೆಮಾಡಿಕೊಳ್ಳುತ್ತೇವೆ. ಮೊದಲನೆಯದು, ಜ್ವರವೆಲ್ಲ ಒಂದೇ ಅಲ್ಲ. ಚಳಿ, ನಡುಕ, ತಲೆನೋವು, ಆ ಮೇಲೆ ಬೆವರು, ಇವು ಚಳಿಜ್ವರದ ಗುರುತುಗಳಾದರೂ ಎಲ್ಲರಲ್ಲಿಯೂ, ವಿಶೇಷವಾಗಿ ಎಳೆಯ ಮಕ್ಕಳಲ್ಲಿ, ಇವು ಕ್ರಮವಾಗಿ ಕಾಣಿಸವು. ಮುಖ ನೋಡಿ ನಿರ್ಣಯಿಸಲು ನಿಪುಣ ವೈದ್ಯರಿಗೂ ಆಗದು. ಒಂದು ಹನಿ ರಕ್ತವೇ ನಿಜವನ್ನು ಹೇಳಬೇಕು. ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಯ ಬಾಗಿಲಿಗೇ ಬಂದು ನೆರವಾಗುತ್ತಾರೆ. ಜ್ವರ ಬಂದ ದಿನವೇ, ತಪ್ಪಿದರೆ ಮರುದಿನವೇ, ಪರೀಕ್ಷೆಯಾಗಬೇಕು. ಫಾಲ್ಸಿಪೇರಮ್ ಎಂಬ ಜಾತಿಯ ರೋಗಾಣುವು ಕೆಲವೇ ದಿನಗಳಲ್ಲಿ ಮೆದುಳಿಗೆ ಏರಿ ಪ್ರಾಣವನ್ನು ಕೊಂಡೊಯ್ಯಬಲ್ಲದು. ಗರ್ಭಿಣಿಯರ ವಿಷಯದಲ್ಲಿ ಒಂದು ದಿನದ ತಡವೂ ಸಲ್ಲದು.

ಎರಡನೆಯದು, ಕೊಟ್ಟ ಮದ್ದನ್ನು ಕೊನೆಯವರೆಗೂ ತೆಗೆದುಕೊಳ್ಳಬೇಕು. ವೈವಾಕ್ಸ್ ಎಂಬ ಜಾತಿಯ ರೋಗಾಣುವು ರಕ್ತದಿಂದ ಮರೆಯಾದರೂ ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮತ್ತೆ ಹೊರಡುತ್ತದೆ. ಅದಕ್ಕಾಗಿಯೇ ವೈದ್ಯರು ಜ್ವರವಿಳಿದ ಮೇಲೆಯೂ ಹದಿನಾಲ್ಕು ದಿನಗಳ ಗುಳಿಗೆಯನ್ನು ಕೊಡುವ ಪದ್ಧತಿಯುಂಟು. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಆ ಗುಳಿಗೆಯು ಸಲ್ಲದಾದ್ದರಿಂದ ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಕೊಡಲೇಬಾರದು. ಫಾಲ್ಸಿಪೇರಮಿಗೆ ಈಗ ಕೊಡುವ ಆರ್ಟಿಮಿಸಿನಿನ್ ಎಂಬ ಮದ್ದನ್ನು ಚೀನಾ ದೇಶದ ಹಳೆಯ ಮೂಲಿಕೆಯೊಂದರಿಂದ 1972ರಲ್ಲಿ ತೆಗೆದವರು ತೂ ಯೂಯೂ ಎಂಬ ಮಹಿಳೆ. ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ವಿಜ್ಞಾನದ ಕೊಠಡಿಯಲ್ಲಿ ಕುಳಿತ ನಮ್ಮ ಹುಡುಗಿಯರು ಇದನ್ನು ನೆನಪಿಡಲಿ. ಅರ್ಧ ನುಂಗಿ ಬಿಟ್ಟ ಮದ್ದು ರೋಗಾಣುವನ್ನು ಕೊಲ್ಲದೆ ಅದನ್ನು ಬಲಪಡಿಸುತ್ತದೆ. ಆ ರೋಗಿಯನ್ನು ಕಚ್ಚಿದ ಸೊಳ್ಳೆಯು ನೆರೆಮನೆಯ ಕೂಸನ್ನೂ ಕಚ್ಚುತ್ತದೆ.

ಮೂರನೆಯದು, ವಾರಕ್ಕೊಂದು ದಿನ ಮನೆಯ ನೀರಿನ ಹಂಡೆ, ತೊಟ್ಟಿ, ಹೂಕುಂಡದ ತಟ್ಟೆ, ಹಿತ್ತಲಿನ ಚಿಪ್ಪು ಎಲ್ಲವನ್ನೂ ಬರಿದುಮಾಡಿ ತಿಕ್ಕಬೇಕು. ಬಾವಿಗೂ ಮಾಳಿಗೆಯ ತೊಟ್ಟಿಗೂ ಬಿಗಿಯಾದ ಮುಚ್ಚಳವಿರಬೇಕು. ರಾತ್ರಿ ಸೊಳ್ಳೆಪರದೆಯೊಳಗೆ ಮಲಗಬೇಕು. ಮೊಟ್ಟೆಯು ಸೊಳ್ಳೆಯಾಗುವುದಕ್ಕೆ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕಾದುದರಿಂದ ವಾರದ ಲೆಕ್ಕವನ್ನು ತಪ್ಪಿಸಬಾರದು.

ರೋಗಿಯ ಬಳಿಯಲ್ಲಿ ಪ್ರಾರ್ಥಿಸುವುದು ನಮ್ಮ ಪದ್ಧತಿ. ಅದನ್ನು ಯಾರೂ ಬಿಡಬೇಕಾದುದಿಲ್ಲ. ಸಿಕಂದರಾಬಾದಿನ ಆ ಚಿಕ್ಕ ಕೋಣೆಯಲ್ಲಿ ರಾಸ್‌ರವರು ದೇವರನ್ನು ಸ್ತುತಿಸಿದುದು ಬೆವರು ಸುರಿಸಿ ನೋಡುವುದನ್ನು ನೋಡಿ ಮುಗಿಸಿದ ಮೇಲೆ. ದೇವರು ಅವರ ಮೂಲಕ ನಮಗೆ ಕೊಟ್ಟ ತಿಳಿವಳಿಕೆಯನ್ನು ಉಪಯೋಗಿಸದೆ ಬಿಟ್ಟು, ಮಗುವಿನ ಪ್ರಾಣವನ್ನು ಮಾತ್ರ ಬೇಡಿಕೊಳ್ಳುವುದು ಸರಿಯಾಗದು. ಈ ಮಳೆಗಾಲದಲ್ಲಿ ನಮ್ಮ ಶಾಲೆಗೆ ಸೇರಿದ ಯಾವ ಮನೆಯಲ್ಲಿಯೂ ಪರೀಕ್ಷೆಯಾಗದ ಜ್ವರವೂ ಅರ್ಧಕ್ಕೆ ಬಿಟ್ಟ ಮದ್ದೂ ಇಲ್ಲದಿರಲೆಂದು ಹಾರೈಸಿ, ಎಲ್ಲ ಮಕ್ಕಳ ಆರೋಗ್ಯವನ್ನು ದೇವರ ಕೃಪೆಗೂ ನಿಮ್ಮ ಎಚ್ಚರಿಕೆಗೂ ಒಪ್ಪಿಸುತ್ತೇವೆ.